ಮಾರ್ಕರ್ ಕೈ

ಶಿರಾದಿಂದ ಮಧುಗಿರಿಗೆ ಹೋಗುವ ದಾರಿಯಲ್ಲಿ, ದೊಡ್ಡೇರಿ ಇನ್ನೂ ಸ್ವಲ್ಪ ದೂರ ಇರುವಾಗ, ಬಲಗಡೆಗೆ ಮುಚ್ಚಿಹೋದ ಒಂದು ಕಡ್ಲೆಕಾಯಿ ಎಣ್ಣೆ ಮಿಲ್ ಇದೆ. ಪಾವಗಡದ ಕಡೆಯಿಂದ ಲಾರಿಗಟ್ಟಲೆ ಕಾಯಿ ಬಂದು ಬೀಳುತ್ತಿದ್ದ ಅದರ ಗೋಡೌನಿನಲ್ಲಿ ಈಗ ಇರುವುದು ಬರೀ ಗೋಡೆ, ಗೋಡೆಯ ಮೇಲೆ ಕೆಂಪು ಗೆರೆ, ಮತ್ತೆ ಮುಂದಿನ ಗೋಡೆಯ ಬುಡಕ್ಕೆ ಮೊಣಕಾಲೆತ್ತರ ಬಡಿದು ಕೂರಿಸಿದ ಎಣ್ಣೆ ಡಬ್ಬದ ತಗಡು. ಚೆಂಡು ತಗಡಿಗೆ ತಗುಲಿದರೆ ಠಣ್ ಅನ್ನುತ್ತದೆ. ಠಣ್ ಅಂದರೆ ಪಾಯಿಂಟ್ ಹೋಯಿತು. ಸಮ್ರೀನ್ ಎಂಟನೇ ವಯಸ್ಸಿನಿಂದ ಆ ಸದ್ದು ಕೇಳುತ್ತಲೇ ಬೆಳೆದವಳು.

ಆಟದ ಹೆಸರು ಸ್ಕ್ವಾಷ್. ಇಬ್ಬರೂ ಒಂದೇ ಗೋಡೆಗೆ ಮುಖ ಮಾಡಿ ನಿಂತು, ನಿಂಬೆಹಣ್ಣಿನ ಗಾತ್ರದ ಕಪ್ಪು ರಬ್ಬರ್ ಚೆಂಡನ್ನು ಸರದಿಯ ಮೇಲೆ ಗೋಡೆಗೆ ಹೊಡೆಯಬೇಕು. ಚೆಂಡು ಎರಡನೇ ಸಲ ನೆಲಕ್ಕೆ ಪುಟಿಯುವುದರೊಳಗೆ ಇನ್ನೊಬ್ಬರು ಅದನ್ನು ತಲುಪಬೇಕು. ಹನ್ನೊಂದು ಪಾಯಿಂಟಿಗೆ ಒಂದು ಗೇಮ್, ಐದರಲ್ಲಿ ಮೂರು ಗೆದ್ದವರದು ಮ್ಯಾಚ್. ಶಿರಾ ಸೀಮೆಯಲ್ಲಿ ಇದನ್ನು ಆಡುವವರು ಇರಲಿ, ಹೆಸರು ಕೇಳಿದವರೂ ಇಲ್ಲ. ಮಿಲ್ಲಿನ ಸಾವ್ಕಾರ್ ರೇಣುಕಯ್ಯ ಈ ಹತ್ತು ವರ್ಷದಲ್ಲಿ ಬಂದಾಗಲೆಲ್ಲ ಕೇಳುವುದು ಒಂದೇ ಮಾತು.

"ಏನ್ಲಾ ಕಲಂದರ್, ನನ್ ಗೋಡೆ ಇನ್ನೂ ನಿಂತೈತೋ, ನಿನ್ ಮಗ್ಳು ಕೆಡವೇಬುಟ್ಲೋ?"

"ನಿಂತೈತೆ ಸಾವ್ಕಾರ್ರೆ. ನಿಮ್ ತಾತನ ಕಾಲದ್ದಲ್ವಾ, ಅದು ಬೀಳಾಕಿಲ್ಲ."

ಕಲಂದರ್ ಸಮ್ರೀನಳ ಅಪ್ಪ. ಈಗ ಮಿಲ್ಲಿನ ಕಾವಲುಗಾರ. ಗೇಟಿನ ಪಕ್ಕದ ಎರಡು ಕೋಣೆಯಲ್ಲೇ ಸಂಸಾರ. ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಬೆಂಗಳೂರಿನ ದೊಡ್ಡ ಕ್ಲಬ್ಬೊಂದರಲ್ಲಿ ಮಾರ್ಕರ್ ಆಗಿದ್ದರು. ಮಾರ್ಕರ್ ಅಂದರೆ, ಜೊತೆಗೆ ಯಾರೂ ಸಿಗದ ಮೆಂಬರುಗಳ ಜೊತೆ ಆಡುವವನು, ತಣ್ಣಗಿರುವ ಚೆಂಡನ್ನು ನಾಲ್ಕು ಏಟು ಹೊಡೆದು ಬಿಸಿ ಮಾಡಿ ಕೊಡುವವನು, ಸ್ಕೋರ್ ಕೂಗುವವನು, ಕೊನೆಗೆ ಸೋಲುವವನು. ಕೆಲಸಕ್ಕೆ ಸೇರಿದ ಮೊದಲ ದಿನವೇ ಹಳೆಯ ಮಾರ್ಕರ್ ಒಬ್ಬರು ಅವರಿಗೆ ಹೇಳಿಕೊಟ್ಟಿದ್ದರು. ಅದನ್ನೇ ಅವರು ಮಗಳಿಗೆ ಕಥೆ ಹೇಳುವ ಹಾಗೆ, ಹೆಮ್ಮೆಯಿಂದ, ಎಷ್ಟೋ ಸಲ ಹೇಳಿದ್ದರು:

"ಮೆಂಬರು ಗೆಲ್ಬೇಕು ಬೇಟಿ. ಆದ್ರೆ ನಾವು ಬುಟ್ಕೊಟ್ವಿ ಅಂತ ಅವ್ರಿಗೆ ಗೊತ್ತಾಗ್ಬಾರ್ದು. ಚೆಂಡು ನೆಟ್ಟಗೆ ಅವ್ರ ಕೈಗೇ ಹೋದ್ರೆ ಗೊತ್ತಾಗೋಯ್ತದೆ. ಬಲಗಡೀಗೆ, ಮಂಡಿ ಎತ್ತರಕ್ಕೆ, ಒಂದೇ ಒಂದು ಹೆಜ್ಜೆ ದೂರ ಬುಡ್ಬೇಕು. ಆ ಒಂದು ಹೆಜ್ಜೆ ಇಟ್ಟು ಹೊಡೀತಾರಲ್ಲ, ಅಲ್ಲೇ ಅವ್ರಿಗೆ ಖುಷಿ."

ಒಂದು ದಿನ ಯಾರೋ ಮೆಂಬರಿನ ಬೆವರು ಬಿದ್ದಿದ್ದ ನೆಲದ ಮೇಲೆ ಜಾರಿ ಅವರ ಎಡಮಂಡಿ ತಿರುಚಿಕೊಂಡಿತು. ಕ್ಲಬ್ಬಿನವರು ಒಂದು ತಿಂಗಳ ಸಂಬಳ ಮತ್ತು ಒಂದು ಚೀಲ ಹಳೆಯ ರಾಕೆಟ್ ಕೊಟ್ಟು ಕಳಿಸಿದರು. ಊರಿಗೆ ಬಂದ ಕಲಂದರ್, ಎಣ್ಣೆ ಹೀರಿಕೊಂಡಿದ್ದ ಗೋಡೌನಿನ ನೆಲವನ್ನು ಸೀಗೆಪುಡಿ ಹಾಕಿ ಹದಿನೈದು ದಿನ ತಿಕ್ಕಿದರು. ಡಬ್ಬಗಳನ್ನು ಸೀಳಿ, ತಟ್ಟಿ, ತಗಡು ಮಾಡಿದರು. ಹಿಂದುಗಡೆ ಹಲಗೆ ನಿಲ್ಲಿಸಿ ಗೋಡೆ ಮಾಡಿದರು. ಮಗಳ ಕೈಗೆ ರಾಕೆಟ್ ಕೊಟ್ಟರು. ಮನೆಯೊಳಗೆ ಉರ್ದು, ಗೋಡೌನಿನೊಳಗೆ ಕನ್ನಡ. ಆಟದ ಮಾತೆಲ್ಲ ಕನ್ನಡದಲ್ಲೇ ಆಗಬೇಕು ಎನ್ನುವುದು ಯಾಕೋ ಅವರದೇ ಒಂದು ಕಟ್ಟಳೆ.

ಸಮ್ರೀನ್ ಓಡುವುದರಲ್ಲಿ ಗಟ್ಟಿ. ಯಾವ ಮೂಲೆಗೆ ಬಿದ್ದ ಚೆಂಡನ್ನೂ ತಲುಪುತ್ತಿದ್ದಳು. ಹದಿನಾರಕ್ಕೆ ರಾಜ್ಯದ ಕಿರಿಯರ ಪಂದ್ಯದಲ್ಲಿ ಮೂರನೆಯವಳಾದಳು, ಹದಿನೆಂಟಕ್ಕೆ ವೃತ್ತಿಪರ ಆಟಗಾರ್ತಿಯಾಗಿ ಹೆಸರು ನೋಂದಾಯಿಸಿದಳು. ಆಮೇಲೆ ಐದು ಟೂರ್ನಿ ಆಡಿದಳು. ಐದರಲ್ಲೂ ಮೊದಲ ಸುತ್ತಿನಲ್ಲೇ ಮನೆಗೆ. ಅದೂ ಸುಮ್ಮನೆ ಸೋತದ್ದಲ್ಲ. ಐದು ಸಲವೂ ಎರಡೆರಡು ಗೇಮ್ ಸಮ, ಐದನೇ ಗೇಮಿನಲ್ಲಿ ಒಂಬತ್ತು–ಒಂಬತ್ತು. ಅಲ್ಲಿಂದ ಎರಡೇ ಪಾಯಿಂಟ್, ಎರಡೂ ಎದುರಾಳಿಗೆ.

ಸಣ್ಣ ಟೂರ್ನಿಗಳಲ್ಲಿ ಒಂದು ಪದ್ಧತಿ ಇದೆ. ಸೋತವರು ತಕ್ಷಣ ಮನೆಗೆ ಹೋಗುವಂತಿಲ್ಲ. ಬೆವರು ಒರೆಸಿಕೊಂಡು, ಕೋರ್ಟಿನ ಹಿಂದಿನ ಕುರ್ಚಿಯಲ್ಲಿ ಕುಳಿತು, ಮುಂದಿನ ಮ್ಯಾಚಿನ ಸ್ಕೋರ್ ಕೂಗಬೇಕು. ಐದು ಸಲವೂ ಸಮ್ರೀನ್ ಆ ಕುರ್ಚಿಯಲ್ಲಿ ಕುಳಿತಳು. ಆಟ ಶುರುವಾಗುವಾಗ ತಾನು ಕೂಗಿದ ಪ್ರತಿ 'ಲವ್–ಆಲ್', ಅಂದರೆ ಸೊನ್ನೆ–ಸೊನ್ನೆ, ಅವಳಿಗೆ ಅಪ್ಪನ ಗಂಟಲಿನಿಂದ ಬಂದ ಹಾಗೆ ಕೇಳಿಸುತ್ತಿತ್ತು.

ಐದನೆಯ ಸೋಲು ಬೆಂಗಳೂರಿನಲ್ಲಿ, ಪ್ರಿಯಾಂಕ ಎಂಬ ಹುಡುಗಿಯ ಕೈಲಿ. ಅವತ್ತು ಕುರ್ಚಿಯಿಂದ ಎದ್ದಾಗ ಯಶಸ್ವಿನಿ ಮೇಡಂ ಕರೆದರು. ಒಂದು ಕಾಲಕ್ಕೆ ದೇಶಕ್ಕೆ ಆಡಿದವರು, ಈಗ ಹುಡುಗಿಯರಿಗೆ ತರಬೇತಿ ಕೊಡುವವರು. ಮ್ಯಾಚನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಕೊನೆಯ ಎರಡು ಪಾಯಿಂಟನ್ನು ನಿಧಾನ ಮಾಡಿ ತೋರಿಸಿದರು.

"ಇಲ್ಲಿ ನಿಲ್ಸಿದೀನಿ. ಚೆಂಡು ಎಲ್ಲಿ ಹಾಕಿದೀಯ ನೋಡು."

ಪ್ರಿಯಾಂಕಳ ಬಲಗಡೆಗೆ. ಮಂಡಿ ಎತ್ತರಕ್ಕೆ. ಒಂದು ಹೆಜ್ಜೆ ದೂರಕ್ಕೆ.

"ಇದು?" ಎರಡನೆಯದನ್ನು ತೋರಿಸಿದರು. ಅಲ್ಲೇ. ಅಳೆದು ಇಟ್ಟ ಹಾಗೆ ಅಲ್ಲೇ.

"ನೀನು ಸೋತಿಲ್ಲ ಕಣೆ. ಬಡಿಸಿದೀಯ. ಯಾರು ಕಲಿಸಿದ್ದು ನಿಂಗೆ?"

"ನಮ್ಮ ಅಬ್ಬಾ, ಮೇಡಂ. ಕ್ಲಬ್ಬಲ್ಲಿ ಮಾರ್ಕರ್ ಆಗಿದ್ರು."

ಯಶಸ್ವಿನಿ ನಕ್ಕರು. "ಅದೇ ಅಂದ್ಕೊಂಡೆ. ಮಾರ್ಕರ್ ಕೈ ಇದು. ಕಷ್ಟದ ಪಾಯಿಂಟ್ ಬಂದ್ರೆ ತಾನಾಗೇ ಬಡಿಸುತ್ತೆ." ಆಮೇಲೆ ನಗದೆ ಹೇಳಿದರು: "ನನ್ನ ಹತ್ರ ಒಂದು ಜಾಗ ಖಾಲಿ ಇದೆ. ಊಟ, ರೂಮು, ವರ್ಷದ ಟೂರ್ನಿಗಳ ಓಡಾಟ, ಎಲ್ಲ ನಾನು ನೋಡ್ಕೋತೀನಿ. ಆದ್ರೆ ಬಡಿಸೋ ಹುಡುಗಿ ನಂಗೆ ಬೇಡ. ಭಾನುವಾರದೊಳಗೆ ಒಂದು ವಿಡಿಯೊ ಕಳ್ಸು. ನೀನು, ನಿಮ್ಮಪ್ಪ, ಒಂದೇ ಗೇಮ್. ಹನ್ನೊಂದು–ಸೊನ್ನೆ ಗೆದ್ದಿರ್ಬೇಕು. ಅವ್ರು ನಿಜವಾಗಿ ಆಡಿರ್ಬೇಕು. ಬಿಟ್ಕೊಟ್ರೆ ನನಗೆ ಗೊತ್ತಾಗುತ್ತೆ, ಚಿಕ್ಕಂದಿನಿಂದ ಮಾರ್ಕರ್‌ಗಳ ಜೊತೆನೇ ಆಡಿ ಬೆಳೆದವಳು ನಾನು."

"ಅವ್ರಿಗೆ ಮಂಡಿ ನೋವಿದೆ ಮೇಡಂ."

"ನಾನು ಅದನ್ನ ಕೇಳ್ಲಿಲ್ಲ."

ಮನೆಗೆ ಬಂದರೆ ಅಮ್ಮಿ, ನಜ್ಮುನ್ನೀಸಾ, ಸೀರೆಗೆ ಫಾಲ್ ಹೊಲಿಯುತ್ತ ಕೂತಿದ್ದಳು. ಮಗಳ ಮುಖ ನೋಡಿಯೇ ಗೊತ್ತಾಯಿತು. ರೊಟ್ಟಿ ಬಿಸಿ ಮಾಡಿ ಇಟ್ಟು, ಅವಳು ಉಣ್ಣುವವರೆಗೂ ಪಕ್ಕದಲ್ಲೇ ಕೂತಳು.

"ಸೋಮವಾರದಿಂದ ಮಧುಗಿರಿ ಗಾರ್ಮೆಂಟ್ಸ್‌ಗೆ ಬಾ ಅಂದವ್ರೆ. ವ್ಯಾನು ಗೇಟಿನ ಮುಂದೇನೇ ನಿಲ್ತದಂತೆ. ಎರಡು ಜೊತೆ ಚೂಡಿದಾರ ಹೊಲಿದಿಟ್ಟಿವ್ನಿ. ಆಟ ಆಡ್ಬೇಡ ಅನ್ನಲ್ಲಮ್ಮ ನಾನು. ಭಾನುವಾರ ಆಡ್ಕೋ."

ಸೋಮವಾರ ಒಂದೋ ವ್ಯಾನು, ಇಲ್ಲವೋ ಬೆಂಗಳೂರಿನ ಬಸ್ಸು. ಸಮ್ರೀನ್ ಅಮ್ಮಿಗೆ ಏನೂ ಹೇಳಲಿಲ್ಲ. ಅಬ್ಬಾಗೆ ಮಾತ್ರ ಹೇಳಿದಳು, ಅದೂ ಅರ್ಧ: "ನಿಮ್ಮ ಜೊತೆ ಹನ್ನೊಂದು–ಸೊನ್ನೆ ಗೆದ್ದು ವಿಡಿಯೊ ಕಳಿಸ್ಬೇಕಂತೆ."

"ಅಷ್ಟೇನಾ? ಅದೇನ್ ಮಹಾ!" ಕಲಂದರ್ ಮುಖ ಅರಳಿತು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಗೋಡೌನಿನ ಹಲಗೆಯ ಸಂದಿಗೆ ಇಟ್ಟಿಗೆ ಒರಗಿಸಿ ಮೊಬೈಲ್ ನಿಲ್ಲಿಸಿದಳು. ಕಲಂದರ್ ಮಂಡಿಗೆ ಪಟ್ಟಿ ಬಿಗಿದುಕೊಂಡು ಬಂದರು. ಹತ್ತೇ ನಿಮಿಷದಲ್ಲಿ ಹನ್ನೊಂದು–ಸೊನ್ನೆ. ಎಷ್ಟು ಚಂದ ಸೋತರೆಂದರೆ, ಓಡಿದರು, ಉಸ್ಸೆಂದರು, ಕೈ ಚಾಚಿ ಕೂದಲೆಳೆಯಲ್ಲಿ ಚೆಂಡು ತಪ್ಪಿಸಿಕೊಂಡರು, ಒಂದು ಸಲ ತಗಡಿಗೆ ಠಣ್ ಅನಿಸಿ ಹಣೆ ಬಡಿದುಕೊಂಡರು. ಇಪ್ಪತ್ತೆರಡು ವರ್ಷದ ಕಸುಬು ಅದು. ಸಮ್ರೀನ್ ವಿಡಿಯೊ ಹಾಕಿ ನೋಡಿದಳು. ಪ್ರತಿ ಚೆಂಡೂ ಅವಳ ಬಲಕ್ಕೆ, ಮಂಡಿ ಎತ್ತರಕ್ಕೆ, ಒಂದು ಹೆಜ್ಜೆ ದೂರಕ್ಕೆ. ಅಳಿಸಿಹಾಕಿದಳು.

"ಅಬ್ಬಾ, ನಿಜವಾಗಿ ಆಡಿ."

"ಆಡಿದ್ನಲ್ಲಮ್ಮ."

"ಇದು ಆಟ ಅಲ್ಲ. ಮೇಡಂಗೆ ಗೊತ್ತಾಗುತ್ತೆ. ಗೆಲ್ಲೋಕೆ ಆಡಿ."

"ನಿನ್ ಜೊತೆ ಗೆದ್ದು ನಾನೇನ್ ಮಾಡ್ಲಿ?"

ಅಷ್ಟೊತ್ತಿಗೆ ಬಾಗಿಲಲ್ಲಿ ರೇಣುಕಯ್ಯನವರ ಸ್ಕೂಟರ್ ನಿಂತಿತು. ವಾರಕ್ಕೊಮ್ಮೆ ಮಿಲ್ ನೋಡಿಕೊಂಡು ಹೋಗುವ ರೂಢಿ. "ಓಹೋ, ಇವತ್ತು ಅಪ್ಪ ಮಗಳ ಜಂಗಿಕುಸ್ತಿ! ಯಾರ್ ಮೇಲ್ ಕಟ್ಲಿ?" ಎಂದು ಒಂದು ಖಾಲಿ ಡಬ್ಬ ಬೋರಲು ಹಾಕಿಕೊಂಡು ಕೂತರು.

ಅವರ ಮುಂದೆಯೇ ಸಮ್ರೀನ್ ಹೇಳಿದಳು. ಬೇರೆ ದಾರಿ ಇರಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಆದರೆ ಆ ಹೊತ್ತಿಗೆ ಅವಳಿಗೆ ಹಾಗೂ ಅನಿಸಿರಲಿಲ್ಲ, ಬಾಯಿಗೆ ಬಂದದ್ದು ಬಂದಿತು.

"ನೀವು ಗೆಲ್ಲಲ್ಲ ಅಬ್ಬಾ. ನಿಮಗೆ ಬರಲ್ಲ. ಇಪ್ಪತ್ತೆರಡು ವರ್ಷ ಭಕ್ಷೀಸಿಗೋಸ್ಕರ ಸೋತ್ರಿ. ಬೆವರು ಒರೆಸೋ ಟವಲ್ಲು ಹಿಡ್ಕೊಂಡು ನಿಂತ್ರಿ. ಆ ಸೋಲನ್ನೇ ತಂದು ನನ್ನ ಕೈಗೂ ಹಾಕಿದ್ರಿ. ಮಾರ್ಕರ್ ಕೈ ಅಂತಾರೆ ನಂದು. ನಗ್ತಾರೆ. ಐದು ಸಲ ನಾನು ಸೋತಿಲ್ಲ, ಐದು ಸಲ ನೀವು ಸೋತಿದ್ದೀರಿ."

ಕಲಂದರ್ ಚೆಂಡನ್ನು ಅಂಗಿಯ ತುದಿಯಲ್ಲಿ ಒರೆಸಿದರು. ಮತ್ತೆ ಒರೆಸಿದರು. ಸಮ್ರೀನ್ ಮತ್ತೆ ಮೊಬೈಲಿನಲ್ಲಿ ವಿಡಿಯೊ ಹಚ್ಚಿ ಬಂದಳು. ಅವರು ಹೋಗಿ ಸರ್ವಿಸ್ ಚೌಕದಲ್ಲಿ ನಿಂತರು.

"ಲವ್–ಆಲ್" ಎಂದರು.

ಸಮ್ರೀನ್ ಆ ಮನುಷ್ಯನ ಎದುರು ಹಿಂದೆ ಆಡಿರಲಿಲ್ಲ. ಹತ್ತು ವರ್ಷ ಪ್ರತಿದಿನ ಆಡಿದ್ದಳು, ಆದರೆ ಇವರ ಜೊತೆ ಅಲ್ಲ. ಚೆಂಡು ಗೋಡೆಗೆ ಅಂಟಿಕೊಂಡು ಹಿಂದಕ್ಕೆ ಹೋಗಿ ಹಲಗೆಯ ಬುಡದಲ್ಲಿ ಸತ್ತುಬೀಳುತ್ತಿತ್ತು. ಹೊಡೆಯುವ ಹಾಗೆ ಕೈ ಎತ್ತಿ, ಮುಟ್ಟಿಸಿ ಬಿಡುತ್ತಿದ್ದರು. ಅವರು ಕೋರ್ಟಿನ ನಟ್ಟನಡುವೆ ನಿಂತಲ್ಲೇ ಇದ್ದರು. ಇವಳು ನಾಲ್ಕೂ ಮೂಲೆಗೆ ಓಡಿದಳು. ಪ್ರತಿ ಪಾಯಿಂಟಿಗೂ ಅವರೇ ಸ್ಕೋರ್ ಕೂಗಿದರು, ಕ್ಲಬ್ಬಿನಲ್ಲಿ ಕೂಗುತ್ತಿದ್ದ ಹಾಗೆ, ಗಟ್ಟಿಯಾಗಿ. ಹನ್ನೊಂದು–ನಾಲ್ಕು. ಗೆದ್ದದ್ದು ಕಲಂದರ್.

"ಎಲಾ ಇವ್ನ!" ರೇಣುಕಯ್ಯ ಡಬ್ಬದಿಂದ ಎದ್ದುಬಿಟ್ಟರು. "ಲೇ ಕಲಂದರ್, ಇಷ್ಟ್ ದಿನ ಎಲ್ಲಿಟ್ಟಿದ್ಯೋ ಇದನ್ನ!"

ಕಲಂದರ್ ಗೋಡೆಗೆ ಕೈಯೂರಿ ನಗುತ್ತಿದ್ದರು. ಐವತ್ತಾರು ವರ್ಷದ ಮುಖದ ಮೇಲೆ ಆ ಥರದ ನಗುವನ್ನು ಸಮ್ರೀನ್ ನೋಡಿರಲಿಲ್ಲ. "ನಂಗೂ ಗೊತ್ತಿರ್ಲಿಲ್ಲ ಸಾವ್ಕಾರ್ರೆ" ಎಂದರು.

ಸಮ್ರೀನ್ ಮೊಬೈಲಿನ ಹತ್ತಿರ ಹೋದಳು. ಜಾಗ ಇಲ್ಲ ಎಂದು ತೋರಿಸುತ್ತಿತ್ತು. ಹಳೆಯ ಫೋನು, ಒಂದು ವಿಡಿಯೊಗಷ್ಟೇ ಆಗುವ ಜಾಗ. ಈಗ ಹಿಡಿದ, ಅಪ್ಪ ಗೆದ್ದ ಆಟವನ್ನು ಅಳಿಸಿ, ಮತ್ತೆ ಇಟ್ಟಿಗೆಗೆ ಒರಗಿಸಿ, ಕೆಂಪು ಗುಂಡಿ ಒತ್ತಿ ಬಂದು ನಿಂತಳು.

ಅಪ್ಪನನ್ನು ಆಟದಲ್ಲಿ ಗೆಲ್ಲಲಾಗುವುದಿಲ್ಲ ಎಂದು ಈಗ ಗೊತ್ತಿತ್ತು. ಇನ್ನೊಂದು ಕೂಡ ಗೊತ್ತಿತ್ತು. ಆ ಎಡಮಂಡಿ ಅಡ್ಡಕ್ಕೆ ಓಡಿದರೆ ತಾಳುತ್ತದೆ, ಹಿಂದಕ್ಕೆ ಓಡಿದರೂ ತಾಳುತ್ತದೆ; ಮುಂದಕ್ಕೆ ಓಡಿ ಎಡಗಾಲೂರಿ ಬಗ್ಗಿದರೆ ಮಾತ್ರ ಒಳಗೆ ಕುಡುಗೋಲು ಆಡಿಸಿದ ಹಾಗಾಗುತ್ತದೆ. ಹತ್ತು ವರ್ಷದಿಂದ ಪ್ರತಿ ಶುಕ್ರವಾರ ಆ ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕುತ್ತಿದ್ದವಳು ಅವಳೇ. ಎಲ್ಲಿ ಮುಟ್ಟಿದರೆ ಅವರು ಹಲ್ಲು ಕಚ್ಚುತ್ತಾರೆ ಎಂದು ಅವಳ ಬೆರಳಿಗೆ ಗೊತ್ತಿತ್ತು.

ಮೊದಲ ಚೆಂಡನ್ನು ಮುಂದಿನ ಗೋಡೆಯ ಎಡಮೂಲೆಗೆ ಇಳಿಸಿದಳು. ತಗಡಿಗಿಂತ ಎರಡು ಬೆರಳು ಮೇಲಕ್ಕೆ, ಸದ್ದಿಲ್ಲದ ಹಾಗೆ. ಕಲಂದರ್ ಓಡಿದರು. ತಲುಪಲಿಲ್ಲ.

"ಒನ್–ಲವ್."

ಎರಡನೆಯದೂ ಅಲ್ಲಿಗೇ. ಮೂರನೆಯದೂ. ನಾಲ್ಕನೆಯದಕ್ಕೆ ಕಲಂದರ್ ಅವಳ ಮುಖ ನೋಡಿದರು. ಅವಳು ಗೋಡೆ ನೋಡಿದಳು. ಅವರು ಮೊದಲೇ ಮುಂದೆ ಬಂದು ನಿಂತರೆ ಹಿಂದಿನ ಮೂಲೆಗೆ ಎತ್ತಿ ಹಾಕಿ, ಅಲ್ಲಿಂದ ಮತ್ತೆ ಮುಂದಕ್ಕೆ ಎಳೆದಳು. ಐದು. ಆರನೆಯ ಚೆಂಡಿಗೆ ಎಡಗಾಲು ಮಡಚಿಕೊಂಡಿತು; ತಗಡಿನ ಮೇಲೆ ಬಿದ್ದರು. ಗೋಡೌನೆಲ್ಲ ಠಣ್ ಎಂದಿತು. ತಗಡಿನ ಅಂಚು ಮೊಣಕಾಲ ಕೆಳಗೆ ಸೀಳಿತ್ತು.

"ಸಾಕು ಬುಡವ್ವ!" ರೇಣುಕಯ್ಯ ಕೂಗಿದರು. "ಹೆತ್ತಪ್ಪ ಕಣಮ್ಮ ಅದು! ಕಣ್ ಕಾಣಾಕಿಲ್ವಾ ನಿಂಗೆ?"

"ನೀವ್ ಸುಮ್ಕಿರಿ ಸಾವ್ಕಾರ್ರೆ." ಕಲಂದರ್ ತಗಡು ಹಿಡಿದು ಎದ್ದರು. "ಆಟ ನಡೀತೈತೆ. ಸಿಕ್ಸ್–ಲವ್."

ರೇಣುಕಯ್ಯ ಬಾಗಿಲಾಚೆ ಹೋಗಿ ಬೆನ್ನು ಮಾಡಿ ನಿಂತುಕೊಂಡರು. ಒಳಗೆ ಚೆಂಡಿನ ಸದ್ದು, ಆಮೇಲೆ ಸ್ಕೋರು, ಮತ್ತೆ ಚೆಂಡಿನ ಸದ್ದು. ಸೆವೆನ್–ಲವ್. ಏಟ್–ಲವ್. ಕಲಂದರ್ ಒಂದು ಚೆಂಡನ್ನೂ ಬಿಟ್ಟುಕೊಡಲಿಲ್ಲ. ತಲುಪಲಾಗದು ಎಂದು ಗೊತ್ತಿದ್ದ ಪ್ರತಿಯೊಂದಕ್ಕೂ ಓಡಿದರು. ಬಿಟ್ಟುಕೊಡುವುದು ಅವರಿಗೆ ಎಷ್ಟು ಸುಲಭವಿತ್ತು! ಕಣ್ಣಿಗೆ ಕಾಣದ ಹಾಗೆ ಬಿಟ್ಟುಕೊಡಲು ಬರುತ್ತಿದ್ದುದು ಅವರೊಬ್ಬರಿಗೇ. ಮಗಳು ಕೇಳಿದ್ದು ಅದಲ್ಲ.

"ಟೆನ್–ಲವ್. ಗೇಮ್ ಬಾಲ್."

ಕೊನೆಯ ಪಾಯಿಂಟಿಗೆ ಚೆಂಡು ಗೋಡೆಯಿಂದ ಪುಟಿದು ನಿಧಾನವಾಗಿ ಅವಳ ಮುಂದೆ ಬಂತು. ಅವಳ ಕೈ ತಾನಾಗಿಯೇ ಹಳೆಯ ದಾರಿಗೆ ತಿರುಗಿತು: ಬಲಗಡೆಗೆ, ಮಂಡಿ ಎತ್ತರಕ್ಕೆ, ಒಂದು ಹೆಜ್ಜೆ ದೂರಕ್ಕೆ. ಕಲಂದರ್ ಅಲ್ಲೇ ನಿಂತಿದ್ದರು, ಬಲಗಾಲಿನ ಮೇಲೆ ಭಾರ ಹಾಕಿ, ರಾಕೆಟ್ ಚಾಚಿ. ಅದು ಎಲ್ಲಿಗೆ ಬರುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಸಮ್ರೀನ್ ಮಣಿಕಟ್ಟು ತಿರುಗಿಸಿದಳು. ಚೆಂಡು ಎಡಮೂಲೆಗೆ ಇಳಿಯಿತು.

ಕಲಂದರ್ ಅದಕ್ಕೂ ಹೋದರು. ಎರಡು ಹೆಜ್ಜೆ ಹೋಗಿ ಕುಸಿದರು. ಕುಸಿದಲ್ಲಿಂದಲೇ, ತಗಡಿಗೆ ತಲೆ ಆನಿಸಿ, ಕೂಗಿದರು: "ಇಲೆವೆನ್–ಲವ್. ಗೇಮ್."

ಸಮ್ರೀನ್ ಮೊದಲು ಹೋಗಿದ್ದು ಮೊಬೈಲಿನ ಹತ್ತಿರ. ಪೂರ್ತಿ ಹಿಡಿದಿದೆಯೋ ಇಲ್ಲವೋ ಎಂದು ಕೊನೆಯವರೆಗೂ ಓಡಿಸಿ ನೋಡಿದಳು. ಹಿಡಿದಿತ್ತು. ಆಮೇಲೆ ಅಪ್ಪನ ಹತ್ತಿರ ಬಂದಳು. ಅವರು ನೆಲದ ಮೇಲೆ ಕೂತೇ ಚೆಂಡನ್ನು ಅಂಗಿಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವಳ ಕಡೆ ಚಾಚಿದರು.

"ವೆಲ್ ಪ್ಲೇಡ್, ಮೇಡಂ" ಎಂದರು.

ಮೆಂಬರುಗಳಿಗೆ ಹೇಳುತ್ತಿದ್ದ ಮಾತದು. ಚುಚ್ಚಿದ್ದೋ, ಅಭ್ಯಾಸದಿಂದ ಬಂದದ್ದೋ, ಅವಳಿಗೆ ತಿಳಿಯಲಿಲ್ಲ. ಚೆಂಡು ಇನ್ನೂ ಬೆಚ್ಚಗಿತ್ತು.

ಮಧ್ಯಾಹ್ನಕ್ಕೆ ಯಶಸ್ವಿನಿ ಮೇಡಂ ಉತ್ತರ ಬಂತು: 'ನಾಳೆ ಬಾ.' ಸೋಮವಾರ ಬೆಳಿಗ್ಗೆ ಗಾರ್ಮೆಂಟ್ಸ್ ವ್ಯಾನು ಗೇಟಿನ ಮುಂದೆ ಹಾರನ್ ಹೊಡೆದು ಹೋಯಿತು. ಅಮ್ಮಿ ಹೊಸ ಚೂಡಿದಾರಗಳನ್ನೇ ಬ್ಯಾಗಿಗೆ ತುಂಬಿದಳು. ಅದರ ಮೇಲೆ ಕಡ್ಲೆಬೀಜದ ಚಟ್ನಿಪುಡಿಯ ಡಬ್ಬ, ತಲೆನೋವಿನ ಮಾತ್ರೆ, ದುಪ್ಪಟ್ಟದ ತುದಿಯಲ್ಲಿ ಕಟ್ಟಿದ ಇನ್ನೂರು ರೂಪಾಯಿ ಇಟ್ಟಳು. ಬ್ಯಾಗಿನ ಜಿಪ್ ಎಳೆಯುವಾಗ ಒಂದೇ ಮಾತು ಅಂದಳು: "ರಾತ್ರಿಯೆಲ್ಲ ಕಾಲು ಹಿಡ್ಕೊಂಡು ಕೂತಿದ್ರು. ನೀನು ಮಲಗಿದ್ದೆ."

ಕಲಂದರ್ ಮಂಚದ ಮೇಲೆ ಕಾಲು ಚಾಚಿದ್ದರು. ಮಂಡಿ ಕುಂಬಳಕಾಯಿಯಾಗಿತ್ತು.

"ಬೇಟಿ, ಎರಡ್ನೇದು ಐತಲ್ಲ, ನಾನು ಗೆದ್ದಿದ್ದು. ಅದನ್ನ ಸಾವ್ಕಾರ್ರ ಫೋನಿಗೆ ಕಳ್ಸಮ್ಮ. ಹೆಂಡ್ತಿಗೆ ತೋರಿಸ್ಬೇಕಂತೆ. ನಿಮ್ಮ ಅಮ್ಮೀನೂ ನೋಡಿಲ್ಲ."

ಸಮ್ರೀನ್ ಬ್ಯಾಗು ಹೆಗಲಿಗೇರಿಸಿದಳು. "ಬೆಂಗಳೂರಿಗೆ ಹೋಗಿ ಕಳಿಸ್ತೀನಿ ಅಬ್ಬಾ" ಎಂದಳು.

ಆಮೇಲೆ ಮೂರು ತಿಂಗಳು ಫೋನಿನಲ್ಲಿ ಅವರು ಕೇಳುತ್ತಿದ್ದರು, ಇವಳು ಏನಾದರೊಂದು ಹೇಳುತ್ತಿದ್ದಳು. ನೆಟ್ ಇಲ್ಲ, ಹಳೆ ಫೋನು ರಿಪೇರಿಗೆ ಕೊಟ್ಟಿದೆ, ಹುಡುಕ್ತೀನಿ. ನಾಲ್ಕನೆಯ ತಿಂಗಳು ಕೇಳುವುದನ್ನು ನಿಲ್ಲಿಸಿದರು. ಗೇಟಿನ ಕಾವಲನ್ನು ಈಗ ಕುರ್ಚಿಯಲ್ಲಿ ಕೂತೇ ಮಾಡುತ್ತಾರೆ, ಗೋಡೌನಿನ ಕಡೆ ಹೋಗುವುದಿಲ್ಲ ಎಂದು ಅಮ್ಮಿ ಹೇಳಿದಳು.

ಆರನೆಯ ಟೂರ್ನಿಯ ಮೊದಲ ಸುತ್ತಿನಲ್ಲಿ ಎದುರಿಗೆ ಬಂದವಳು ಮತ್ತೆ ಪ್ರಿಯಾಂಕ. ಎರಡೆರಡು ಗೇಮ್ ಸಮ. ಐದನೇ ಗೇಮಿನಲ್ಲಿ ಒಂಬತ್ತು–ಒಂಬತ್ತು. ಮೂರನೇ ಗೇಮಿನಲ್ಲೇ ಸಮ್ರೀನ್ ಒಂದನ್ನು ಗಮನಿಸಿದ್ದಳು: ಪ್ರಿಯಾಂಕಳ ಎಡಮಂಡಿಗೆ ಚರ್ಮದ ಬಣ್ಣದ ಪಟ್ಟಿ. ಅದನ್ನು ಎರಡು ಗೇಮಿನುದ್ದಕ್ಕೂ ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು. ಈಗ ಚೆಂಡನ್ನು ಮುಂದಿನ ಎಡಮೂಲೆಗೆ ಇಳಿಸಿದಳು. ಹತ್ತು. ಮತ್ತೆ ಅಲ್ಲಿಗೇ ಇಳಿಸಿದಳು. ಹನ್ನೊಂದು.

ಯಶಸ್ವಿನಿ ಮೇಡಂ ಬೆನ್ನು ತಟ್ಟಿದರು. ಸಮ್ರೀನ್ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನ್ ಮಾಡಿದಳು. ಎತ್ತಿದ್ದು ಕಲಂದರ್.

"ಅಬ್ಬಾ, ಗೆದ್ದೆ! ಒಂಬತ್ತು–ಒಂಬತ್ತು ಆಗಿತ್ತು. ಆದ್ರೂ ಗೆದ್ದೆ."

"ಅಲ್ಹಮ್ದುಲಿಲ್ಲಾ." ಆ ಕಡೆ ಕುರ್ಚಿ ಕಿರುಗುಟ್ಟಿತು. "ಕೊನೇದು ಎಲ್ಲಿಗೆ ಹಾಕ್ದೆ?"

"ಮುಂದೆ. ಎಡಮೂಲೆಗೆ."

ರಸ್ತೆಯಲ್ಲಿ ಮಧುಗಿರಿಯ ಬಸ್ಸೊಂದು ಹಾರನ್ ಹಾಕಿ ಹೋದದ್ದು ಫೋನಿನಲ್ಲಿ ಕೇಳಿಸಿತು.

"ಆ ಹುಡ್ಗಿ ಮಂಡಿ ಹೆಂಗೈತೆ?" ಎಂದು ಕೇಳಿದರು.

ಸಮ್ರೀನ್ ತಿರುಗಿ ನೋಡಿದಳು. ಕೋರ್ಟಿನ ಹಿಂದಿನ ಕುರ್ಚಿಯಲ್ಲಿ ಪ್ರಿಯಾಂಕ ಕೂತಿದ್ದಳು. ಎಡಗಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ, ಮಂಡಿಯ ಮೇಲೆ ಐಸಿನ ಚೀಲ ಒತ್ತಿ ಹಿಡಿದು, ಮುಂದಿನ ಮ್ಯಾಚಿನ ಸ್ಕೋರ್ ಕೂಗುತ್ತಿದ್ದಳು.